ನಗಾಕ ಹೋಗುತ್ತಿದ್ದ ಓಣಿ

ಟಿ.ವಿ.ಯಲ್ಲಿ ಜನ ನಗುವಾಗ ನಾನು ಧ್ವನಿ ಹೆಚ್ಚಿಸುತ್ತೇನೆ. ಮಾತಿಗಲ್ಲ, ನಗುವಿಗೆ. ಜೋಕು ಏನಿತ್ತೆಂಬುದು ನನಗೆ ಮುಖ್ಯವಲ್ಲ. ಅದು ಮುಗಿದು ಹಿಂದಿನಿಂದ ‘ಹೋ’ ಎಂದು ನಗೆಯ ಅಲೆ ಏಳುತ್ತಲೇ ಹೆಬ್ಬೆರಳು ತಾನಾಗಿ ರಿಮೋಟನ್ನು ಒತ್ತುತ್ತದೆ. ಹೆಂಡತಿಗೆ ಇದು ಸೇರುವುದಿಲ್ಲ.

“ಜಗತ್ತಿನ್ಯಾಗ ಎಲ್ಲಾರೂ ಮಾತ ಕೇಳಾಕ ಸೌಂಡ್ ಏರಸ್ತಾರ, ನಿಮ್ಮದೊಂದ ಉಲ್ಟಾ,” ಅನ್ನುತ್ತಾಳೆ. “ಅದು ಮಶೀನಿನ ನಗು. ಅದರಾಗ ಯಾರನ್ನ ಹುಡಕಾಕತ್ತೀರಿ?”

ಅವಳಿಗೆ ಉತ್ತರ ಗೊತ್ತಿದೆ, ಆದರೂ ಕೇಳುತ್ತಾಳೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡ ಹೆಂಡಿರು ಉತ್ತರಕ್ಕಾಗಿ ಪ್ರಶ್ನೆ ಕೇಳುವುದಿಲ್ಲವಲ್ಲ. ನಿಮಗೆ ಗೊತ್ತಿಲ್ಲದಿರುವುದರಿಂದ ಹೇಳುತ್ತೇನೆ. ನಾನು ಹುಡುಕುವುದು ಅವ್ವನನ್ನು.

ನಿಪ್ಪಾಣಿಯ ನಮ್ಮ ಓಣಿಗೆ ಕೇಬಲ್ಲು ತಂದವನು ಜಿನ್ನಪ್ಪ ಮಾಮಾ. ಮಾಮಾ ಎಂದರೆ ನಮಗೇನೂ ಬಳಗವಲ್ಲ, ಓಣಿಗೆಲ್ಲ ಮಾಮಾ. ಮೊದಲು ಮದುವೆಯ ವಿಡಿಯೋ ತೆಗೆಯುತ್ತಿದ್ದ. ಆಮೇಲೆ ಮನೆಮನೆಗೆ ಕರೀ ವಾಯರು ಎಳೆದು, ತನ್ನದೇ ಒಂದು ಚಾನೆಲ್ಲು ಮಾಡಿಕೊಂಡ. ಅದರಲ್ಲಿ ಹಗಲೆಲ್ಲ ಹಿಂದಿ ಸಿನಿಮಾ. ಕೆಳಗೆ ಓಡುವ ಪಟ್ಟಿಯಲ್ಲಿ ತಂಬಾಕಿನ ದರ, ತೀರಿಕೊಂಡವರ ಹೆಸರು, ಕಳೆದುಹೋದ ಎಮ್ಮೆಯ ಗುರುತು. ರಾತ್ರಿ ಹತ್ತು ಗಂಟೆಗೆ, ಊರಿನ ಮಟ್ಟಿಗೆ ಅದು ಬಹಳ ಹೊತ್ತಾದ ಹಾಗೆಯೇ, ಅವನ ಮಾತುಕತೆಯ ಕಾರ್ಯಕ್ರಮ. ಹೆಸರು ‘ಊಟ ಆತೇನ್ರಿ?’ ದೊಡ್ಡ ದೊಡ್ಡ ಊರಿನ ಚಾನೆಲ್ಲುಗಳಲ್ಲಿ ಕೋಟು ಹಾಕಿಕೊಂಡವರು ಮೇಜಿನ ಹಿಂದೆ ಕೂತು ಸಿನಿಮಾದವರನ್ನು ಮಾತಾಡಿಸುವುದನ್ನು ನೋಡಿ ಅವನಿಗೆ ಈ ಹುಚ್ಚು ಹಿಡಿದಿತ್ತು. ನಮ್ಮ ಕಡೆ ಸಿನಿಮಾದವರು ಎಲ್ಲಿಂದ ಬರಬೇಕು? ಬಂದವರೇ ಅತಿಥಿಗಳು.

ಸ್ಟುಡಿಯೋ ಎಂದರೆ ಒಂದು ಖಾಲಿ ತಂಬಾಕಿನ ಗೋದಾಮು. ಕಿಟಕಿಗೆ ಗೋಣಿಚೀಲ ಹೊಡೆದು ರಾತ್ರಿ ಮಾಡುತ್ತಿದ್ದರು. ಯಾಕೆಂದರೆ ಚಿತ್ರೀಕರಣ ನಡೆಯುತ್ತಿದ್ದದ್ದು ಮಧ್ಯಾಹ್ನ ಚಹಾದ ಹೊತ್ತಿಗೆ. ಜಿನ್ನಪ್ಪ ಮಾಮಾ ಜೈನ. ಸೂರ್ಯ ಮುಳುಗುವುದರೊಳಗೆ ಉಂಡು, ಎಂಟೂವರೆಗೆ ಹಾಸಿಗೆ ಸೇರುವವ. ‘ಊಟ ಆತೇನ್ರಿ?’ ಎಂದು ಅವನು ಪರದೆಯ ಮೇಲೆ ಕೇಳುವ ಹೊತ್ತಿಗೆ ಮನೆಯಲ್ಲಿ ಅವನದು ಒಂದು ನಿದ್ದೆ ಮುಗಿದಿರುತ್ತಿತ್ತು. ಇನ್ನೊಂದು, ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ತಂಬಾಕಿನ ಧೂಳು. ನಿಪ್ಪಾಣಿಯವರ ಮೂಗಿಗೆ ಅದು ತಿಳಿಯುವುದೇ ಇಲ್ಲ. ಹೊರಗಿನವರು ಮಾತ್ರ ಕೂತಲ್ಲಿಂದ ಏಳುವ ತನಕ ಸೀನುತ್ತಿದ್ದರು. ಯಾರು ಯಾವ ಊರಿನವರೆಂದು ಕೇಳುವ ಅಗತ್ಯವೇ ಇರಲಿಲ್ಲ.

ರಾಯಬಾಗದ ಒಬ್ಬ ಬಸ್ ಡ್ರೈವರ್ ಬಂದಿದ್ದ. ಬಾಯಿಯಿಂದ ಬಸ್ಸಿನ ಎಲ್ಲ ಗೇರಿನ ಸದ್ದನ್ನೂ ಹೊರಡಿಸುತ್ತಿದ್ದ, ಏರಿನಲ್ಲಿ ಬಸ್ಸು ಉಬ್ಬಸ ಪಡುವುದನ್ನೂ. ಡ್ಯೂಟಿಯ ನಡುವೆ ಬಂದಿದ್ದನೆಂದು ಕಾಣುತ್ತದೆ. ಅರ್ಧ ಕಾರ್ಯಕ್ರಮಕ್ಕೆ ಅವನ ಬಸ್ಸಿನ ಪ್ರಯಾಣಿಕರೇ ಹುಡುಕಿಕೊಂಡು ಒಳಗೆ ಬಂದರು. ಬಂದವರು ಬೈಯಬೇಕಿತ್ತು. ಗೋಡೆಗೆ ಆತು ನಿಂತು, ಸೀನುತ್ತ, ಪೂರ್ತಿ ನೋಡಿದರು. ಕಡೆಗೆ ಬಾಗಿಲಲ್ಲಿ ಕಂಡಕ್ಟರನ ಸೀಟಿ ಕೇಳಿಸಿತು. ಡ್ರೈವರ್ ಬಾಯಲ್ಲೇ ಫಸ್ಟ್ ಗೇರ್ ಹಾಕಿ ಎದ್ದು ಹೋದ.

ದುಭಾಷಿಯ ಆಟವೊಂದಿತ್ತು. ಬಾಬಾಲಾಲ್ ಎಂಬ ದರ್ಜಿ, ಗಿರಾಕಿಗೆ ಹೊಲಿದ ಕೋಟನ್ನು ಕೊಡುವ ಮೊದಲು ಒಂದು ದಿನ ತಾನು ತೊಟ್ಟುಕೊಂಡು ಬಂದು ಅತಿಥಿಯ ಪಕ್ಕ ಕೂರುತ್ತಿದ್ದ. ನಮ್ಮಲ್ಲಿ ಕನ್ನಡ ಬಾರದವರಿಗೆ ಮರಾಠಿ, ಮರಾಠಿ ಬಾರದವರಿಗೆ ಕನ್ನಡ ಹೇಳಲು ಯಾರೂ ಬೇಕಿಲ್ಲ. ಒಂದೇ ಪಂಕ್ತಿಯಲ್ಲಿ ಎರಡೂ ಬಡಿಸಿಕೊಂಡು ಬೆಳೆದವರು. ಅದೇ ಮಜಾ. ಅತಿಥಿ ಮರಾಠಿಯಲ್ಲಿ ತಂಬಾಕಿನ ದರ ಬಿದ್ದ ಸಂಕಟವನ್ನೆಲ್ಲ ತೋಡಿಕೊಂಡರೆ, ಬಾಬಾಲಾಲ್ ಗಂಭೀರವಾಗಿ, “ಅವರಿಗೆ ಚಾದಾಗ ಸಕ್ರಿ ಕಡಿಮಿ ಆಗೇತಂತ,” ಅನ್ನುತ್ತಿದ್ದ. ಅತಿಥಿ ಗಾಬರಿಯಾಗಿ, “ನಾ ಹಂಗ ಅಂದಿಲ್ರಿ,” ಎಂದು ಕನ್ನಡದಲ್ಲೇ ಅನ್ನುವನು. ಬಾಬಾಲಾಲ್ ಅದನ್ನು ತಿರುಗಿ ಅವನಿಗೇ ಮರಾಠಿಯಲ್ಲಿ ಹೇಳುವನು.

ಎಲ್ಲಕ್ಕಿಂತ ನೆನಪಿನಲ್ಲಿ ಉಳಿದವನು ಬೋರಗಾಂವದ ಒಬ್ಬ ಮುದುಕ. ಕಬ್ಬು ಬೆಳೆಯುವವ, ಅವನೂ ಜೈನನೇ. ಮಾತು ಒಳ್ಳೆ ರಂಗಕ್ಕೆ ಬಂದಿತ್ತು. ಮುದುಕ ಒಮ್ಮೆಲೇ ಎದ್ದು ನಿಂತ.

“ಎಲ್ಲಿ ಹೊಂಟ್ರಿ ಕಾಕಾ?”

“ಹೊತ್ತ ಮುಳಗಾಕ ಬಂತಪಾ. ಉಣಬೇಕು.”

ಜಿನ್ನಪ್ಪ ಮಾಮಾ ಕಣ್ಣು ಹೊಡೆದ. “ಕಾಕಾ, ಈಗ ರಾತ್ರಿ ಹತ್ತ ಆಗೇತ್ರಿ.”

“ಹತ್ತ ಯಾಕ ಆಕ್ಕೈತೋ? ಗೋಣಿ ಸಂದ್ಯಾಗ ಬಿಸಲ ಬೀಳಾಕತ್ತೈತಿ. ಏಳ, ನೀನೂ ಉಣ್ಣಾಂವ ಅಲ್ಲೇನ?”

ಮಾಮಾ ಒಂದು ಕ್ಷಣ ಕ್ಯಾಮೆರಾ ನೋಡಿದ, ಒಂದು ಕ್ಷಣ ಕಿಟಕಿ ನೋಡಿದ, ಎದ್ದು ಮುದುಕನ ಹಿಂದೆ ಹೋದ. ರಾತ್ರಿ ಹತ್ತು ಗಂಟೆಗೆ ನಿಪ್ಪಾಣಿಯೆಲ್ಲ ಎರಡು ಖಾಲಿ ಕುರ್ಚಿ ನೋಡುತ್ತ ಕೂತಿತು.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಮುದುಕನ ರುಮಾಲಿನ ಬಣ್ಣವನ್ನೂ ಹೇಳುತ್ತಿದ್ದೆ. ಈಚೆಗೆ ಒಂದು ದಿನ ಲೆಕ್ಕ ಹಾಕಿ ನೋಡಿದರೆ, ಆಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತ ಹಾಸ್ಟೆಲ್ಲಿನಲ್ಲಿದ್ದೆ. ರಜೆಗೆ ಬಂದಾಗ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅವ್ವ ಹೇಳಿದ್ದಿರಬೇಕು. ರುಮಾಲಿನ ಬಣ್ಣವೂ ಅವಳದ್ದೇ ಇರಬೇಕು. ನಾನು ಕಲಿತದ್ದು ಇತಿಹಾಸ, ಈಗ ಚಿಕ್ಕೋಡಿಯ ಕಾಲೇಜೊಂದರಲ್ಲಿ ಕಲಿಸುವುದೂ ಅದನ್ನೇ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ, ಆ ಸಾಕ್ಷಿ ನೀವೇ ಆಗಿದ್ದರಂತೂ ನಂಬಲೇಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಹುಡುಗರು ಅದನ್ನು ಬರೆದುಕೊಳ್ಳುತ್ತಾರೆ. ಮನೆಗೆ ಬಂದು ನಾನು ನನ್ನನ್ನೇ ಸಾಕ್ಷಿ ಕಟಕಟೆಗೆ ಕರೆದು ಸತಾಯಿಸುತ್ತೇನೆ. ಓದಿನಿಂದ ಆದ ಲಾಭ ಇಷ್ಟು.

ಇನ್ನು ನಗುವಿನ ವಿಷಯ.

ಕಾರ್ಯಕ್ರಮಕ್ಕೆ ನಗುವವರು ಬೇಕಲ್ಲ. ಜಿನ್ನಪ್ಪ ಮಾಮಾ ಓಣಿಯ ಹೆಂಗಸರನ್ನು ಕರೆಯುತ್ತಿದ್ದ. ಶ್ಯಾವಿಗೆ ಹೊಸೆಯಲು, ಹಪ್ಪಳ ಲಟ್ಟಿಸಲು ಒಬ್ಬರ ಮನೆಗೆ ಒಬ್ಬರು ಹೋಗುವ ಪದ್ಧತಿ ನಮ್ಮಲ್ಲಿ ಇದ್ದೇ ಇತ್ತು. ಇದೂ ಹಾಗೆಯೇ ಸೇರಿಹೋಯಿತು. ಮಧ್ಯಾಹ್ನ ಬಾಬಾಲಾಲ್ ಬಾಗಿಲು ಬಾಗಿಲಿಗೆ ಬಂದು, “ನಗಾಕ ಬರಬೇಕಂತ್ರಿ,” ಎಂದು ಹೇಳಿ ಹೋಗುತ್ತಿದ್ದ. ಅವ್ವ ಮುಖ ತೊಳೆದು, ಬೇರೆ ಸೀರೆ ಉಟ್ಟು, ಅಪ್ಪನಿಗೆ, “ನಗಾಕ ಹೋಗಿ ಬರ್ತೀನಿ, ಚಾ ಒಲಿಮ್ಯಾಲ ಐತಿ,” ಎಂದು ಹೊರಡುವಳು. ಬೀಡಿ ಕಟ್ಟುವವರು ಮೊರವನ್ನೂ ಒಯ್ಯುತ್ತಿದ್ದರು. ಕೈ ಎಲೆ ಸುತ್ತುತ್ತಿತ್ತು, ಬಾಯಿ ನಗುತ್ತಿತ್ತು. ಮುಗಿದ ಮೇಲೆ ಎಲ್ಲರಿಗೂ ಚಹಾ, ಚುರುಮುರಿ. ನಕ್ಕವರ ಮನೆಯಲ್ಲಿ ತೊಟ್ಟಿಲ ಕಾರ್ಯವಾದರೆ ಮಾಮಾ ಬಂದು ಪುಕ್ಕಟೆ ವಿಡಿಯೋ ತೆಗೆದುಕೊಡುವನು. ಒಂದು ಸಲ ಅವ್ವ ಬಹಳ ದಣಿದು ಮನೆಗೆ ಬಂದಳು. ಅಪ್ಪ, “ಏನಾತು?” ಎಂದು ಕೇಳಿದರೆ, “ಇವತ್ತಿನ ಮನಷ್ಯಾ ಭಾಳ ಸಪ್ಪಗ ಇದ್ದ. ಎಷ್ಟಂತ ನಗೂದು,” ಅಂದಳು.

ಆದರೆ ನಗುವಿಗೂ ಒಂದು ಹಂಗಾಮು ಇರುತ್ತದೆ. ತಂಬಾಕಿನ ಕೆಲಸ ಜೋರಾದ ತಿಂಗಳಲ್ಲಿ ಹೆಂಗಸರು ಸಿಗಲಿಲ್ಲ. ಆಗ ಮಾಮಾ ಒಂದು ಉಪಾಯ ಮಾಡಿದ. ಒಂದು ದಿನದ ಒಳ್ಳೆಯ ನಗುವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಟೇಪ್ ರೆಕಾರ್ಡರನ್ನು ಮೇಜಿನ ಕೆಳಗಿಟ್ಟ. ಬಾಬಾಲಾಲ್ ಕಾಲಿನ ಹೆಬ್ಬೆರಳಿನಿಂದ ಗುಂಡಿ ಒತ್ತುವುದು. ಒಮ್ಮೆ ಯಾರೋ ತನ್ನ ಎತ್ತು ಸತ್ತದ್ದನ್ನು ಹೇಳುವಾಗ ಬಾಬಾಲಾಲನ ಕಾಲಿಗೆ ಸೊಳ್ಳೆ ಕಚ್ಚಿತಂತೆ. ಅದರ ಪರಿಣಾಮ ಹೇಳಬೇಕಾಗಿಲ್ಲ. ಕ್ಯಾಸೆಟ್ಟು ಬಂದ ದಿನದಿಂದ ಕಾರ್ಯಕ್ರಮ ಮುಚ್ಚುವ ತನಕ ಪ್ರತಿ ರಾತ್ರಿ ನಮ್ಮ ಓಣಿಯ ಹೆಂಗಸರು ಅದೇ ಒಂದು ನಗುವನ್ನು ನಕ್ಕರು. ಎಲ್ಲರದೂ ಒಟ್ಟಿಗೆ ಏಳುತ್ತಿತ್ತು, ಇಳಿಯುತ್ತಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಒಬ್ಬಳು ಮಾತ್ರ ತಡೆಯಲಾರದೆ ಮತ್ತೆ ‘ಖಿಲ್’ ಎಂದು ಶುರು ಮಾಡುತ್ತಿದ್ದಳು.

ಆ ಕಡೆಯ ನಗುವೇ ಅವ್ವನದು ಎಂದು ನಾನು ನಂಬಿದ್ದೆ.

ನನ್ನ ಎಂ.ಎ. ಎರಡನೆಯ ವರ್ಷದಲ್ಲಿ ಅವ್ವ ತೀರಿಕೊಂಡಳು. ಮಿರಜದ ಆಸ್ಪತ್ರೆಗೆ ಒಯ್ದರು, ತಂದರು, ನಾನು ಧಾರವಾಡದಿಂದ ಬಂದು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ದಿನಗಳು ಕಳೆದ ಮೇಲೆ ಜಿನ್ನಪ್ಪ ಮಾಮಾ ಮನೆಗೆ ಬಂದ. ಅಪ್ಪನ ಹತ್ತಿರ ಕೂತು, “ಆ ನಗೂ ಕ್ಯಾಸೆಟ್ ಹಾಕೂದ ಬಂದ್ ಮಾಡ್ಲ್ಯಾ?” ಎಂದು ಕೇಳಿದ. ಅಪ್ಪ ತಲೆಯೆತ್ತದೆ, “ಬ್ಯಾಡ. ಹಾಕು,” ಅಂದ. ನಾನು ಪಕ್ಕದ ಕೋಣೆಯಲ್ಲಿದ್ದೆ. ಅಥವಾ ಇದ್ದೆನೆಂದು ಈಗ ನನಗೆ ಅನ್ನಿಸುತ್ತದೆ. ಅಂದು ರಾತ್ರಿ ಅಪ್ಪ ಟಿ.ವಿ.ಗೆ ಬೆನ್ನು ಮಾಡಿ ಊಟಕ್ಕೆ ಕೂತ. ನಗು ಬಂದಾಗ ರೊಟ್ಟಿ ಹಿಡಿದ ಕೈ ತಾಟಿನ ಮೇಲೆ ನಿಂತಿತು. ನಗು ಪೂರ್ತಿ ಇಳಿದ ಮೇಲೆ ಮತ್ತೆ ಉಂಡ. ಕಾರ್ಯಕ್ರಮ ನಡೆದಷ್ಟು ಕಾಲ ಅವನು ಉಂಡದ್ದು ಹೀಗೆ.

ಆಮೇಲೆ ಮನೆಮನೆಗೆ ಡಿಶ್‌ಗಳು ಬಂದವು, ಕರೀ ವಾಯರು ಕಂಬದಿಂದ ಜೋತುಬಿದ್ದವು, ಮಾಮಾ ಚಾನೆಲ್ಲು ಮುಚ್ಚಿ ಬೋರಗಾಂವದ ತಮ್ಮನ ಮನೆಗೆ ಹೋದ. ಅಪ್ಪನೂ ತೀರಿಕೊಂಡ. ಅವ್ವನ ಮುಖ ನನಗೆ ನೆನಪಿದೆ ಎಂದು ಹೇಳಬಹುದು, ಫೋಟೋ ಇದೆ. ಧ್ವನಿ ಇಲ್ಲ. ಅವಳು ಹೇಳಿದ ಮಾತುಗಳು ಎಷ್ಟೋ ನೆನಪಿವೆ, ಆದರೆ ತಲೆಯೊಳಗೆ ಅವು ನನ್ನದೇ ಧ್ವನಿಯಲ್ಲಿ ಕೇಳುತ್ತವೆ. ಉಳಿದದ್ದು ಆ ಕಡೆಯ ‘ಖಿಲ್’ ಒಂದೇ. ಅದೂ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು. ಯಾವ ಚಾನೆಲ್ಲಿನಲ್ಲಿ ಯಾರು ನಕ್ಕರೂ ಧ್ವನಿ ಏರಿಸಿ, ಅದರೊಳಗೆ ಕಿವಿ ಹಾಕುವ ನನ್ನ ಚಟಕ್ಕೆ ಮೂಲ ಇದು.

ಹೋದ ದೀಪಾವಳಿಯ ನಂತರ ಕಾಗವಾಡಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ಸುಮಿತ್ರಕ್ಕ ನನಗಿಂತ ದೊಡ್ಡವಳು. ಊಟವಾದ ಮೇಲೆ ಟಿ.ವಿ. ನಡೆದಿತ್ತು, ನಾನು ಧ್ವನಿ ಏರಿಸಿದೆ, ಅವಳು ಯಾಕೆಂದು ಕೇಳಿದಳು, ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

“ಅದು ಅವ್ವ ಅಲ್ಲೋ.”

“ನಿನಗ ಹೆಂಗ ಗೊತ್ತು?”

“ಅವ್ವ ನಗೂ ಮುಂದ ಸಪ್ಪಳ ಎಲ್ಲಿ ಬರ್ತಿತ್ತು? ಬಾಯಿಗೆ ಸೆರಗ ಹಿಡೀತಿದ್ಲು. ಹೆಗಲ ಅಷ್ಟಽ ಅಳ್ಳಾಡ್ತಿದ್ದು. ಮನ್ಯಾಗಿದ್ದ ಮಗಾ ನೀ, ಇಷ್ಟೂ ನೋಡಿಲ್ಲೇನು?”

ನಾನು ವಾದಿಸಿದೆ. ನಿನ್ನದೂ ಒಂದೇ ಸಾಕ್ಷಿ, ನೀನು ಮದುವೆಯಾಗಿ ಹೋದ ಮೇಲೆ ಅವ್ವ ಜೋರಾಗಿ ನಗಲು ಕಲಿತಿರಬಹುದು, ಇತ್ಯಾದಿ. ಅಕ್ಕ ಕೇಳುವಷ್ಟು ಕೇಳಿ, “ಆತ್ ಬಿಡಪಾ, ನೀ ಕಲತಾಂವ,” ಎಂದು ಎಲೆ ಬಾಯಿಗೆ ಹಾಕಿಕೊಂಡಳು. ಆ ರಾತ್ರಿ ಕಣ್ಣು ಮುಚ್ಚಿ ನೆನಪಿಸಿಕೊಂಡರೆ ಹೆಗಲು ಕಾಣತೊಡಗಿತು. ಅದು ನನಗೆ ಮೊದಲೇ ಗೊತ್ತಿತ್ತೋ, ಅಕ್ಕ ಹೇಳಿದ್ದರಿಂದ ಹುಟ್ಟಿತೋ ತಿಳಿಯಲಿಲ್ಲ. ಇನ್ನೊಂದೇ ವಾರ ಬಿಟ್ಟರೆ ಇರುವ ಆ ಒಂದು ನಗುವೂ ಕೈಬಿಟ್ಟುಹೋಗುತ್ತದೆ ಅನ್ನಿಸಿ, ಬೆಳಿಗ್ಗೆ ಚಿಕ್ಕೋಡಿಯ ಬಸ್ಸು ಹತ್ತುವ ಬದಲು ಬೋರಗಾಂವದ ದಾರಿ ಹಿಡಿದೆ.

ಓಣಿಯ ಎರಡೂ ಕಡೆ ಪವರ್‌ಲೂಮುಗಳು ಬಡಿಯುತ್ತಿದ್ದವು. ಜಿನ್ನಪ್ಪ ಮಾಮಾ ಕಟ್ಟೆಯ ಮೇಲೆ ಕೂತಿದ್ದ. ಬಿಳಿ ಟೋಪಿ, ಬಾಯಲ್ಲಿ ಹಲ್ಲಿಲ್ಲ. ನನ್ನ ಗುರುತು ಹಿಡಿದವನೇ, “ಊಟ ಆತೇನ್ರಿ?” ಎಂದು ಕೇಳಿ ತಾನೇ ನಕ್ಕ. ಮಗ್ಗದ ಸದ್ದಿಗೆ ನಾನು ಕಿರುಚಿ ವಿಷಯ ಹೇಳಬೇಕಾಯಿತು. ಓಣಿಯ ತುದಿಯ ತನಕ ಕೇಳುವಂತೆ ‘ನಮ್ಮವ್ವನ ನಗು ಐತೇನ್ರಿ’ ಎಂದು ಕಿರುಚುವ ಮಧ್ಯವಯಸ್ಸಿನ ಅಧ್ಯಾಪಕನನ್ನು ನೀವೇ ಊಹಿಸಿಕೊಳ್ಳಿ.

“ವಿಡಿಯೋ ಒಂದೂ ಇಲ್ಲಪಾ,” ಅಂದ ಮಾಮಾ. “ಎಲ್ಲಾದರ ಮ್ಯಾಲೂ ಮದವಿ ತಗದೀನಿ. ಖಾಲಿ ಕ್ಯಾಸೆಟ್ ತುಟ್ಟಿ ಇದ್ದು. ಆ ಬಸ್ ಡ್ರೈವರನ ಮ್ಯಾಲ ಯಾರದೋ ಅಕ್ಷತಾ ಬಿದ್ದಾವ.” ಒಳಗೆ ಹೋದ. ಬಹಳ ಹೊತ್ತಿನ ಮೇಲೆ ಒಂದು ಆಡಿಯೋ ಕ್ಯಾಸೆಟ್ಟು ಹಿಡಿದು ಬಂದ. “ಇದು ಉಳದೈತಿ. ಇದರ ಮ್ಯಾಲ ಏನ ತುಂಬಲಿ? ನಗೂ ಯಾರಿಗೂ ಬ್ಯಾಡಾತು.”

ಕ್ಯಾಸೆಟ್ಟು ಸಿಕ್ಕಿತು, ಹಾಕಲು ಯಂತ್ರ ಬೇಕಲ್ಲ. ಇಡೀ ಓಣಿಯಲ್ಲಿ ಟೇಪು ಉಳಿದದ್ದು ಅವನ ತಮ್ಮನ ಮಗ ಸಂಜುವಿನ ಹಳೆಯ ಟ್ರ್ಯಾಕ್ಟರಿನಲ್ಲಿ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ, ಟ್ರ್ಯಾಕ್ಟರಿಗೆ ಬ್ರೇಕು ಇರಲಿ ಬಿಡಲಿ, ಹಾಡಿನ ಡಬ್ಬಿಗಳು ಇರಲೇಬೇಕು. ಸಂಜು ಗಡಿಬಿಡಿಯಲ್ಲಿದ್ದ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊರಡುವವನು.

“ದೊಡ್ಡಪ್ಪಾ, ಫ್ಯಾಕ್ಟರ್ಯಾಗ ಪಾಳಿ ನಂಬರ್ ಹೋಗ್ತೈತಿ. ಲಗೂನ ಕೇಳ್ರಿ.”

ಮಾಮಾ ಒಂದು ಮಡ್‌ಗಾರ್ಡಿನ ಮೇಲೆ, ನಾನು ಇನ್ನೊಂದರ ಮೇಲೆ ಹತ್ತಿ ಕೂತೆವು. ಹಿಂದೆ ಹಸಿ ಕಬ್ಬಿನ ವಾಸನೆ. ಸಂಜು ಕ್ಯಾಸೆಟ್ಟು ತಳ್ಳಿದ. ಇಂಜಿನ್ನಿನ ಗದ್ದಲದ ಮೇಲೆ, ಆ ದೊಡ್ಡ ಡಬ್ಬಿಗಳಿಂದ, ನಮ್ಮ ಓಣಿ ನಕ್ಕಿತು.

ಅಷ್ಟು ಎತ್ತರಕ್ಕೆ ಎದ್ದದ್ದು ಇಳಿಯಿತು. ಕಡೆಗೆ ಆ ಒಬ್ಬಳು, ‘ಖಿಲ್’.

“ಇದು,” ಎಂದೆ. “ಈ ಕಡೀ ನಗು. ಇದು ಅವ್ವ ಹೌದಲ್ರಿ?”

ಮಾಮಾ ನನ್ನ ಮುಖ ನೋಡಿದ. “ಅದು ಚಂಪಕ್ಕ. ನಿಮ್ಮ ಬಾಜೂ ಮನೀಯಾಕಿ. ಅಕೀಗಿ ಜೋಕ ತಿಳ್ಯಾಕ ಸ್ವಲ್ಪ ಟೈಮ್ ಬೇಕಾಗ್ತಿತ್ತು.”

ಇಷ್ಟು ವರ್ಷ ನಾನು ಧ್ವನಿ ಏರಿಸಿ ಹುಡುಕಿದ್ದು ಚಂಪಕ್ಕನನ್ನು. ಪಾಪ, ನಮಗೆ ಮಜ್ಜಿಗೆ ಕೊಡುತ್ತಿದ್ದಳು, ಒಳ್ಳೆಯವಳು. ನಗಬೇಕೆನಿಸಿತು, ಆಗಲಿಲ್ಲ.

“ಹಂಗಾದ್ರ ಅವ್ವನ ನಗು ಯಾವದ್ರಿ?”

“ನಿಮ್ಮವ್ವ ಇದರಾಗ ನಕ್ಕಿಲ್ಲೋ. ಇವರನ್ನೆಲ್ಲ ನಗಿಸಿದಾಕಿನಽ ಅಕಿ.”

ಆಮೇಲೆ ಹೇಳಿದ. ಆ ದಿನ ಕಾಗವಾಡದ ಕಡೆಯ ಒಬ್ಬ ಪೈಲ್ವಾನ ಬರಬೇಕಿತ್ತು. ಗೋದಾಮಿನ ಬಾಗಿಲ ತನಕ ಬಂದವನು ಕ್ಯಾಮೆರಾ ನೋಡಿ ಅಂಜಿ ಓಡಿಹೋದ. ಏನು ಮಾಡುವುದೆಂದು ತಿಳಿಯದೆ ಎಲ್ಲರೂ ಕೂತಿದ್ದಾಗ, ಹಿಂದಿನ ಸಾಲಿನಿಂದ ಅವ್ವ ಒಂದು ಮಾತು ಒಗೆದಳು. ಟೇಪ್ ರೆಕಾರ್ಡರು ಸರಿಯಿದೆಯೋ ಎಂದು ನೋಡಲು ಅದೇ ಆಗ ಚಾಲೂ ಮಾಡಿದ್ದರು.

“ನಾ ವರ್ಷಗಟ್ಟಲೆ ಜೋಕ ಹೇಳೀನಿ. ಹಂಗ ಯಾರೂ ನಕ್ಕಿರಲಿಲ್ಲ. ಆ ನಗೂನಽ ಕತ್ತರಿಸಿಕೊಂಡ್ನಿ. ಮುಂದ ನನ್ನ ಒಂದೊಂದ ಜೋಕಿಗೂ ಜನಾ ನಕ್ಕದ್ದು ನಿಮ್ಮವ್ವನ ಮಾತಿಗೆ. ಅದಕ್ಕಽ ನಿಮ್ಮಪ್ಪನ್ನ ಕೇಳಾಕ ಬಂದಿದ್ದೆ, ಹಾಕ್ಲೋ ಬ್ಯಾಡೋ ಅಂತ.”

“ಏನ ಅಂದ್ಲು ಮಾಮಾ?”

“ಅದಽ ನೆನಪಿಲ್ಲಪಾ.” ಟೋಪಿ ತೆಗೆದು ತಲೆ ಸವರಿಕೊಂಡ. “ಪೈಲ್ವಾನನ ಮ್ಯಾಲಽ ಏನೋ ಅಂದಳು. ನನಗೂ ನಗೂ ಬಂದು ಕಣ್ಣಾಗ ನೀರ ಬಂದಿದ್ದು ನೆನಪೈತಿ. ಮಾತ ಇಲ್ಲ. ಮಾತಿನ ಭಾಗ ನನಗ ಬ್ಯಾಡಾಗಿತ್ತು ನೋಡು, ಕತ್ತರಿಸಿ ಒಗದೆ.”

ಚಂಪಕ್ಕ ಇಲ್ಲ. ಬಾಬಾಲಾಲ್ ಇಲ್ಲ. ಆ ಸಾಲಿನಲ್ಲಿ ಕೂತ ಯಾರನ್ನಾದರೂ ಹುಡುಕಬಹುದು, ಸಿಕ್ಕರೆ ಒಬ್ಬೊಬ್ಬಳು ಒಂದೊಂದು ಮಾತು ಹೇಳಿಯಾಳು, ನಾನು ಒಂದನ್ನೂ ನಂಬದೆ ಮನೆಗೆ ಬರುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

“ಇನ್ನೊಮ್ಮೆ ಹಾಕ್ತೀರೇನು?” ಎಂದು ಸಂಜುವನ್ನು ಕೇಳಿದೆ. “ಇಂಜಿನ್ ಬಂದ್ ಮಾಡಿ.”

“ಸರ್, ಬಂದ್ ಮಾಡಿದ್ರ ದಬ್ಬಬೇಕಾಕ್ಕೈತ್ರಿ ಇದನ್ನ.”

“ದಬ್ಬೂಣಂತ ತಗೋ,” ಅಂದ ಮಾಮಾ.

ಇಂಜಿನ್ನು ನಿಂತಿತು. ಸಂಜು ಕ್ಯಾಸೆಟ್ಟನ್ನು ತಲೆಯ ತನಕ ತಿರುಗಿಸಿದ. ಟೇಪಿನ ‘ಸರ್ರ್’ ಎಂಬ ಸದ್ದು, ಅದರ ಬೆನ್ನಿಗೇ, ನಗು ಏಳುವ ಮೊದಲು, ಏನೋ ಒಂದು. ಮಾತಲ್ಲ, ಮಾತಿನ ಬಾಲ. ಮಾಮಾನ ಕತ್ತರಿ ಒಂದು ಕೂದಲೆಳೆ ಹಿಂದೆ ಬಿದ್ದಿತ್ತು. ಒಬ್ಬ ಹೆಂಗಸು ಯಾವುದೋ ವಾಕ್ಯವನ್ನು ಏನೂ ಆಗದವಳ ಹಾಗೆ, ಸಣ್ಣಗೆ, ಸ್ವಲ್ಪ ಬೇಸರದಿಂದಲೇ ಎಂಬಂತೆ ಮುಗಿಸುತ್ತಿದ್ದಳು. ಒಂದು ಅಕ್ಷರವೂ ಪೂರ್ತಿ ಇರಲಿಲ್ಲ. ಅದು ಯಾರೂ ಆಗಿರಬಹುದು ಎಂದು ತಲೆ ಹೇಳಿತು. ಇಷ್ಟು ಸಣ್ಣ ತುಣುಕಿನಿಂದ ಯಾರೆಂದು ಹೇಳಲು ಬರುವುದಿಲ್ಲ, ಹುಡುಗರಿಗಾದರೆ ನಾನೇ ನಂಬರು ಕತ್ತರಿಸುತ್ತಿದ್ದೆ.

“ಮತ್ತೊಮ್ಮೆ.”

ಸಂಜು ಗಡಿಯಾರ ನೋಡಿಕೊಂಡ, ಹಾಕಿದ.

“ಮತ್ತೊಮ್ಮೆ.”

ಈ ಸಲ ಆ ‘ಸರ್ರ್’ ಎಂಬ ಸದ್ದು ಬಂತು, ಆ ಸಣ್ಣ ಬಾಲ ಬಂತು, ಮತ್ತು ಓಣಿಯ ಹೆಂಗಸರು ಬಾಯಿ ತೆರೆಯುವ ಮೊದಲೇ ನಾನು ನಕ್ಕುಬಿಟ್ಟೆ. ನನಗೇ ಗೊತ್ತಾಗದ ಹಾಗೆ ಬಂತು, ಮಡ್‌ಗಾರ್ಡಿನ ಕಬ್ಬಿಣ ಹಿಡಿದುಕೊಳ್ಳಬೇಕಾಯಿತು. ಆಮೇಲೆ ಅವರೆಲ್ಲರೂ ನಕ್ಕರು.

ಜಿನ್ನಪ್ಪ ಮಾಮಾ ಗಡಬಡಿಸಿ ನನ್ನ ಕಡೆ ಬಗ್ಗಿದ. “ಏನ ಅಂದ್ಲಂತ ತಿಳೀತೇನು?”

“ಇಲ್ಲ ಮಾಮಾ,” ಅಂದೆ.